ಎಸ್‌ಎಆರ್ ಮೌಲ್ಯ ಕಡಿಮೆ ಇರುವ ಫೋನ್ ನಿಜಕ್ಕೂ ಹೆಚ್ಚು ಸುರಕ್ಷಿತವೇ?

ತುಂಗಾತೀರ (ಪ್ರಶ್ನೆ):
ತೀರ್ಥಹಳ್ಳಿ ಸಮೀಪದ ತೋಟದ ಮನೆಯಲ್ಲಿರುವ ನಮ್ಮ ತಂದೆಯವರಿಗೆ ಹೊಸ ಫೋನ್ ಕೊಡಿಸಬೇಕಾಗಿದೆ. ಅಂಗಡಿಯಲ್ಲಿ ಎರಡು ಫೋನ್‌ಗಳಲ್ಲಿ *#07# ಒತ್ತಿ ನೋಡಿದೆ. ತಲೆಯ ಬಳಿಯ ಎಸ್‌ಎಆರ್ (ಫೋನಿನ ರೇಡಿಯೊ ತರಂಗಗಳಿಂದ ದೇಹ ಹೀರಿಕೊಳ್ಳುವ ಶಕ್ತಿಯ ಅಳತೆ, ಕಿಲೋಗೆ ಇಷ್ಟು ವ್ಯಾಟ್ ಎಂದು) ಒಂದರಲ್ಲಿ 0.72, ಇನ್ನೊಂದರಲ್ಲಿ 1.18 ಎಂದಿತ್ತು. ಮೊದಲನೆಯದಕ್ಕೆ ಬೆಲೆ ಹೆಚ್ಚು. ಜರ್ಮನಿಯಲ್ಲಿರುವ ತಂಗಿಯ ಪ್ರಕಾರ ಅಲ್ಲಿನ ಮಿತಿ 2, ನಮ್ಮಲ್ಲಿ 1.6. ಅಂದರೆ ನಮ್ಮ ನಿಯಮವೇ ಬಿಗಿ ಎಂದಾಯಿತೇ? ಮನೆಯ ಒಳಗೆ ಸಿಗ್ನಲ್ ಒಂದೇ ಕಡ್ಡಿ, ಅದೂ ಜಗಲಿಯಲ್ಲಿ ಮಾತ್ರ. ತಂದೆಯವರು ರಾತ್ರಿ ತಂಗಿಯೊಡನೆ ಬಹಳ ಹೊತ್ತು ಮಾತನಾಡುತ್ತಾರೆ. ಹೆಚ್ಚಿನ ಹಣ ಕೊಟ್ಟು 0.72ರ ಫೋನನ್ನೇ ಕೊಳ್ಳುವುದರಲ್ಲಿ ಅರ್ಥವಿದೆಯೇ ಎಂಬುದನ್ನು ತಿಳಿದವರು ಹೇಳಬೇಕಾಗಿ ವಿನಂತಿ.

ಅಳತೆಗೋಲು:
ಫೋನ್‌ಗಳ ಪರೀಕ್ಷೆಯ ಕ್ಷೇತ್ರದಲ್ಲಿ ಕೆಲವು ವರ್ಷ ಕೆಲಸ ಮಾಡಿದವನಾದ್ದರಿಂದ ಆ ಅಂಕಿ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ಮನುಷ್ಯನ ತಲೆಯ ಆಕಾರದ ಒಂದು ಪ್ಲಾಸ್ಟಿಕ್ ಚಿಪ್ಪಿನೊಳಗೆ, ವಿದ್ಯುತ್ ಗುಣಗಳಲ್ಲಿ ನಮ್ಮ ಅಂಗಾಂಶವನ್ನು ಹೋಲುವ ದ್ರವವನ್ನು ತುಂಬಿರುತ್ತಾರೆ. ಫೋನನ್ನು ಅದರ ಕೆನ್ನೆಗೆ ಒತ್ತಿ, ಗರಿಷ್ಠ ಶಕ್ತಿಯಲ್ಲಿ ಸತತವಾಗಿ ಪ್ರಸಾರ ಮಾಡಿಸಿ, ರೋಬೋಟ್ ತೋಳಿನ ತುದಿಯ ಸಣ್ಣ ಶೋಧಕದಿಂದ ದ್ರವದೊಳಗೆ ಬಿಂದುಬಿಂದುವಾಗಿ ಅಳೆಯುತ್ತಾರೆ. ಹಲವು ತರಂಗಾಂತರಗಳಲ್ಲಿ, ಕೆನ್ನೆಗೆ ಒತ್ತಿದ ಮತ್ತು ಸ್ವಲ್ಪ ಓರೆಯಾಗಿಸಿದ ಭಂಗಿಗಳಲ್ಲಿ ಸಿಕ್ಕ ಅತಿ ಹೆಚ್ಚಿನ ಮೌಲ್ಯವೇ ನೀವು ಕಂಡ ಅಂಕಿ. ಹಾಗಾಗಿ 1.18 ಎಂಬುದು ಆ ಫೋನ್ ದಾಟದ ಮೇಲ್ಮಿತಿಯೇ ಹೊರತು ನಿತ್ಯದ ಪ್ರಮಾಣವಲ್ಲ. ಅದನ್ನು ನೋಡಿ ಎರಡು ಫೋನ್‌ಗಳನ್ನು ಹೋಲಿಸುವುದು, ಜೀಪಿನ ಗರಿಷ್ಠ ವೇಗ ನೋಡಿ ತಿಂಗಳ ಡೀಸೆಲ್ ಖರ್ಚನ್ನು ಲೆಕ್ಕ ಹಾಕಿದಂತೆ.

1.6 ಮತ್ತು 2ನ್ನು ನೇರವಾಗಿ ಹೋಲಿಸಲಾಗದು. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮಿತಿಯು, ಅಮೆರಿಕದಲ್ಲಿರುವಂತೆ, 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವ್ಯಾಟ್, ಯುರೋಪಿನದು 10 ಗ್ರಾಂ ಸರಾಸರಿಯಲ್ಲಿ 2 ವ್ಯಾಟ್. ಸರಾಸರಿಯ ತೂಕ ಹೆಚ್ಚಿದಷ್ಟೂ ಒಂದೇ ಚುಕ್ಕೆಯಲ್ಲಿನ ಏರಿಕೆ ಹರಡಿ ಕಾಣದಂತಾಗುತ್ತದೆ. ಆದ್ದರಿಂದ ನಮ್ಮ ನಿಯಮ ಅಂಕಿಯಲ್ಲಿ ಕಾಣುವುದಕ್ಕಿಂತಲೂ ಬಿಗಿ. ಹಾಗೆಂದು 2ರ ಮಿತಿ ಸಡಿಲವೇನಲ್ಲ. ಇಡೀ ದೇಹಕ್ಕೆ ಕಿಲೋಗೆ ಸುಮಾರು 4 ವ್ಯಾಟ್ ಸಿಕ್ಕಾಗ ಪ್ರಾಣಿಗಳ ವರ್ತನೆಯಲ್ಲಿ ಬದಲಾವಣೆ ಕಾಣುತ್ತದೆ ಎಂಬುದನ್ನು ಆಧಾರವಾಗಿಟ್ಟುಕೊಂಡು, ಅದರ 50ರಲ್ಲಿ 1 ಭಾಗವನ್ನು, ಅಂದರೆ 0.08 ವ್ಯಾಟನ್ನು, ಸಾರ್ವಜನಿಕರ ಇಡೀ ದೇಹದ ಮಿತಿಯಾಗಿ ಇಟ್ಟಿದ್ದಾರೆ. ತಲೆಯಂತಹ ಒಂದು ಭಾಗಕ್ಕೆ ಬೇರೆ ಅಂಕಿ ಇರುವುದು ಈ ಲೆಕ್ಕದ ಮುಂದುವರಿಕೆಯಾಗಿ.

ನಿಮ್ಮ ಮನೆಯ ಮಟ್ಟಿಗೆ ನಿಜವಾಗಿ ಮುಖ್ಯವಾದದ್ದು ಆ ಒಂದೇ ಕಡ್ಡಿ. ಟವರ್‌ನಿಂದ ಬರುವ ಸೂಚನೆಯಂತೆ ಫೋನ್ ತನ್ನ ಪ್ರಸಾರ ಶಕ್ತಿಯನ್ನು ಕ್ಷಣಕ್ಷಣಕ್ಕೂ ಏರಿಳಿಸುತ್ತಿರುತ್ತದೆ. 3ಜಿಯಲ್ಲಿ ಇದು ಸೆಕೆಂಡಿಗೆ 1500 ಬಾರಿ ನಡೆಯುತ್ತದೆ. ಸಿಗ್ನಲ್ ಚೆನ್ನಾಗಿದ್ದರೆ 1.18ರ ಫೋನ್ ಕೂಡ ತನ್ನ ಶಕ್ತಿಯ ಅತಿ ಸಣ್ಣ ಪಾಲನ್ನು ಬಳಸುತ್ತದೆ, ಸಿಗ್ನಲ್ ಕ್ಷೀಣವಾಗಿದ್ದರೆ 0.72ರ ಫೋನೂ ಗರಿಷ್ಠಕ್ಕೆ ಹತ್ತಿರ ಹೋಗುತ್ತದೆ. ಮನೆಗೆ ಬ್ರಾಡ್‌ಬ್ಯಾಂಡ್ ಇದ್ದರೆ ವೈಫೈ ಕಾಲಿಂಗ್ ಚಾಲೂ ಮಾಡಿಡಿ. ಫೋನ್ ಆಗ ಗುಡ್ಡದಾಚೆಯ ಟವರ್‌ನ ಬದಲು ಜಗಲಿಯ ರೂಟರ್ ಜೊತೆ ಮಾತನಾಡುತ್ತದೆ. ಇಲ್ಲದಿದ್ದರೆ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಡಲಿ. ಅರ್ಧ ಅಡಿ ದೂರವಾದರೂ ತಲೆಗೆ ತಲಪುವ ಶಕ್ತಿ ಬಹಳಷ್ಟು ಇಳಿಯುತ್ತದೆ.

ಓದುಗ_ಮೈಸೂರು:
ಮಾಹಿತಿ ಉಪಯುಕ್ತವಾಗಿದೆ, ಆದರೆ ಪ್ರಯೋಗಾಲಯದ ಅಂಕಿಗೆ ಬೆಲೆಯೇ ಇಲ್ಲ ಎಂಬ ಭಾವನೆ ಬರಬಾರದು. 2023ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ತರಂಗಾಂತರ ನಿಯಂತ್ರಣ ಸಂಸ್ಥೆಯು ಐಫೋನ್ 12ನ್ನು ಪರೀಕ್ಷಿಸಿದಾಗ, ಕೈಯಲ್ಲಿ ಹಿಡಿದ ಅಥವಾ ಜೇಬಿನಲ್ಲಿಟ್ಟ ಸ್ಥಿತಿಗೆ ಇರುವ 4 ವ್ಯಾಟ್ ಮಿತಿಗೆ ಎದುರಾಗಿ 5.74 ದಾಖಲಾಯಿತು. ಮಾರಾಟ ನಿಂತಿತು, ಆಪಲ್ ಸಾಫ್ಟ್‌ವೇರ್ ತಿದ್ದುಪಡಿ ಕೊಟ್ಟಿತು. ಮಾರುಕಟ್ಟೆಗೆ ಬಂದು ಮೂರು ವರ್ಷವಾದ ಫೋನನ್ನೂ ಅಂಗಡಿಯಿಂದ ತಂದು ಅಳೆಯುವವರು ಇದ್ದುದರಿಂದಲೇ ಅದು ಬೆಳಕಿಗೆ ಬಂತು.

ಕ್ಯಾನ್ಸರ್ ವಿಷಯವನ್ನು ಪ್ರಶ್ನೆಯಲ್ಲಿ ಕೇಳಿಲ್ಲವಾದರೂ ಮನಸ್ಸಿನಲ್ಲಿರುವುದು ಅದೇ ಎಂದು ಭಾವಿಸುತ್ತೇನೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಈ ರೇಡಿಯೊ ತರಂಗಗಳನ್ನು 2ಬಿ ಗುಂಪಿಗೆ, ಅಂದರೆ ‘ಬಹುಶಃ ಕ್ಯಾನ್ಸರ್ ತರಬಹುದಾದವು’ ಎಂಬ ಪಟ್ಟಿಗೆ, ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಆ ಗುಂಪು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆ, ಅಪಾಯದ ಪ್ರಮಾಣವನ್ನಲ್ಲ. ಅದೇ ಸಂಸ್ಥೆ ಮಾಡಿಸಿ 2024ರಲ್ಲಿ ಪ್ರಕಟವಾದ ವಿಮರ್ಶೆಯು 63 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ, ಫೋನ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ ಎಂದಿದೆ.

ತುಂಗಾತೀರ:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಕಡಿಮೆ ಬೆಲೆಯದನ್ನೇ ಕೊಂಡು, ಉಳಿದ ಹಣವನ್ನು ರೂಟರಿಗೆ ಹಾಕುತ್ತೇನೆ. ಇನ್ನೊಂದು ಮಾತು: ಫೋನಿನ ಹಿಂಬದಿಗೆ ಅಂಟಿಸುವ ವಿಕಿರಣ ತಡೆಯುವ ಸ್ಟಿಕ್ಕರನ್ನು ಅಂಗಡಿಯವರು ಬಹಳ ಒತ್ತಾಯಿಸಿದರು. ತಂದೆಯವರಿಗೆ ಪೇಸ್‌ಮೇಕರ್ ಅಳವಡಿಸಿರುವುದರಿಂದ ಬೇಡವೆನ್ನಲು ಹಿಂಜರಿಕೆಯಾಯಿತು.

ಅಳತೆಗೋಲು:
ಸ್ಟಿಕ್ಕರ್ ಬೇಡವೇ ಬೇಡ. ಅದು ಏನನ್ನೂ ತಡೆಯದಿದ್ದರೆ ಹಣ ದಂಡ. ನಿಜಕ್ಕೂ ತಡೆದರೆ ಸಿಗ್ನಲ್ ಕುಗ್ಗಿ, ಫೋನ್ ಇನ್ನಷ್ಟು ಶಕ್ತಿಯಿಂದ ಪ್ರಸಾರ ಮಾಡುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಗ್ರಾಹಕರಿಗೆ ಈ ಎಚ್ಚರಿಕೆಯನ್ನೇ ಕೊಟ್ಟಿದೆ. ಪೇಸ್‌ಮೇಕರ್ ಇರುವುದನ್ನು ಮೊದಲೇ ಹೇಳಬೇಕಿತ್ತು, ಏಕೆಂದರೆ ಈ ಚರ್ಚೆಯಲ್ಲಿ ಖಚಿತವಾಗಿ ಜಾಗ್ರತೆ ಬೇಕಾದ ಸಂಗತಿ ಅದೊಂದೇ, ಮತ್ತು ಅಲ್ಲಿನ ತೊಡಕು ರೇಡಿಯೊ ತರಂಗಕ್ಕಿಂತ ಹೆಚ್ಚಾಗಿ ಕೆಲವು ಹೊಸ ಫೋನ್‌ಗಳ ಒಳಗಿರುವ ಅಯಸ್ಕಾಂತದ್ದು. ಫೋನನ್ನು ಆ ಉಪಕರಣದಿಂದ ಕನಿಷ್ಠ 15 ಸೆಂಟಿಮೀಟರ್ ದೂರವಿಡಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೇಳುತ್ತದೆ. ಪೇಸ್‌ಮೇಕರ್ ಇರುವ ಬದಿಯ ಅಂಗಿಯ ಜೇಬಿನಲ್ಲಿ ಫೋನ್ ಇಟ್ಟುಕೊಳ್ಳದಂತೆ ಹೇಳಿ, ಇನ್ನೊಂದು ಬದಿಯ ಕಿವಿಗೆ ಹಿಡಿಯಲಿ, ಮುಂದಿನ ತಪಾಸಣೆಗೆ ಹೋದಾಗ ಆ ಫೋನನ್ನೂ ಹೃದ್ರೋಗ ವೈದ್ಯರಿಗೆ ತೋರಿಸಿ.