ಅಪ್‌ಡೇಟ್: ಗಾಲ್ಫ್ ಡ್ರೈವರ್ ಸ್ಲೈಸ್ ಸರಿಹೋಯ್ತು, ತಪ್ಪಿದ್ದದ್ದು ಗ್ರಿಪ್‌ನಲ್ಲಿ

ಹೋದ ವಾರ ಕೇಳಿದ್ದೆ: ಬಲಗೈ ಆಟ, ಡ್ರೈವರ್‌ನಲ್ಲಿ (ದೂರ ಹೊಡೆಯೋ ಉದ್ದನೆ ಗಾಲ್ಫ್ ಕ್ಲಬ್) ಹೊಡೆದ ಚೆಂಡು ಬಲಕ್ಕೇ ಹೊರಟು ಇನ್ನೂ ಬಲಕ್ಕೆ ಬಾಗುತ್ತೆ (ಇದೇ ಸ್ಲೈಸ್), ಏನು ಮಾಡೋದು ಅಂತ.

ಕೆಲಸ ಮಾಡಿದ್ದು ಎಡಗೈ ಗ್ರಿಪ್ ಬದಲಿಸಿ ಅಂದವರ ಸಲಹೆ. ತುಂಬಾ ಥ್ಯಾಂಕ್ಸ್! ಮೇಲಿಂದ ನೋಡಿದರೆ ಎಡಗೈಯ 1 ಗೆಣ್ಣು ಮಾತ್ರ ಕಾಣ್ತಿತ್ತು. ಕೈಯನ್ನು ಬಲಕ್ಕೆ ಹೊರಳಿಸಿ 3 ಗೆಣ್ಣು ಕಾಣೋ ಹಾಗೆ, ಅಂಗೈಯಲ್ಲಲ್ಲ, ಬೆರಳುಗಳ ಬುಡದಲ್ಲಿ ಹಿಡಿದ ಮೇಲೆ ಚೆಂಡಿಗೆ ತಾಗುವಾಗ ಕ್ಲಬ್‌ಫೇಸ್ (ಚೆಂಡಿಗೆ ತಾಗೋ ಕ್ಲಬ್‌ನ ಮುಖ) ಬಲಕ್ಕೆ ತೆರೆದುಕೊಳ್ಳೋದು ನಿಂತಿತು. ಹೆಬ್ಬೆರಳು, ತೋರುಬೆರಳಿನ ನಡುವಿನ ‘ವಿ’ ಬಲಭುಜದ ಕಡೆ ತೋರಿಸಬೇಕು.

‘ಎಡಕ್ಕೆ ಗುರಿಯಿಟ್ಟು ನಿಲ್ಲಿ’ ಅನ್ನೋದು ಉಲ್ಟಾ ಹೊಡೀತು. ಭುಜ ಎಡಕ್ಕೆ ತಿರುಗಿದಷ್ಟೂ ಕ್ಲಬ್ ಹೊರಗಿನಿಂದ ಒಳಕ್ಕೆ (ಚೆಂಡಿನ ಆಚೆಯಿಂದ ನಮ್ಮ ಕಡೆಗೆ) ಕೊಯ್ಯುತ್ತೆ, ಬಾಗು ಹೆಚ್ಚುತ್ತೆ.

ಗೊತ್ತಿಲ್ಲದಿದ್ದ ವಿಷಯ: ಚೆಂಡು ಹೊರಡೋ ದಿಕ್ಕನ್ನು ಹೆಚ್ಚಾಗಿ ನಿರ್ಧರಿಸೋದು ಫೇಸ್, ಸ್ವಿಂಗ್‌ನ ದಾರಿಯಲ್ಲ. ಇವೆರಡರ ನಡುವಿನ ಅಂತರ ಬಾಗನ್ನು ನಿರ್ಧರಿಸುತ್ತೆ. ಎಷ್ಟೋ ಹಳೇ ಪುಸ್ತಕಗಳಲ್ಲಿ ಇದು ತಿರುಗಾಮುರುಗಾ ಇದೆ.