ಹಳೇ ಹಾಡು, ಹಳೇ ಜಗಳ

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು.

"ಹೊಸ ಹಾಡುಗಳಿಗೆ ಬೆನ್ನು ತಿರುಗಿಸಿದ ಯುವಜನ! ಇಂದು ಜಗತ್ತು ಕೇಳುವ 100 ಹಾಡುಗಳಲ್ಲಿ 70ಕ್ಕೂ ಹೆಚ್ಚು ಹಳೆಯವೇ. ನಿಜವಾದ ಸಂಗೀತಕ್ಕೆ ಸಾವಿಲ್ಲ. ತಪ್ಪದೆ ಎಲ್ಲರಿಗೂ ಕಳಿಸಿ."

ಅದರ ಕೆಳಗೆ ದೊಡ್ಡಪ್ಪ ತಾವೇ ಬರೆದದ್ದು: "ನಾನು ಮೊದಲಿನಿಂದಲೂ ಹೇಳುತ್ತಲೇ ಬಂದಿದ್ದೇನೆ. ಈಗಲಾದರೂ ಮಕ್ಕಳಿಗೆ ಬುದ್ಧಿ ಬಂತಲ್ಲ."

ಅತ್ತೆ ಕೈಮುಗಿದರು. ಚಿಕ್ಕಪ್ಪ ಚಪ್ಪಾಳೆ ಹಾಕಿದರು. ಆಗ ಅಕ್ಕನ ಮಗಳು ಪುಟ್ಟಿ ಒಂದು ಆಡಿಯೋ ಹಾಕಿದಳು. ಕಾಲೇಜಿನ ಹುಡುಗಿ. ಗುಂಪಿನಲ್ಲಿ ಮಾತಾಡುವುದೇ ಕಡಿಮೆ.

"ಇದು ಗಾಯಕಿ ಗೌಹರ್ ಜಾನ್ ಅವರ ತುಂಬಾ ಹಳೆಯ ರೆಕಾರ್ಡ್. ಹಾಡು ಮುಗಿದ ತಕ್ಷಣ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರೆ. ಯಾಕೆ ಅಂತ ಯಾರಿಗಾದರೂ ಗೊತ್ತಾ?"

ಯಾರೂ ನೋಡಲಿಲ್ಲ. ಅದೇ ಹೊತ್ತಿಗೆ ಭಾವನ ಸಂದೇಶ ಬಂದಿತ್ತು.

"ಇದಕ್ಕೆ ಆಧಾರ ಏನು ಮಾವ? ಯಾವ ದೇಶದ ಲೆಕ್ಕ? ಯಾರು ಎಣಿಸಿದ್ದು?"

ದೊಡ್ಡಪ್ಪ: "ಅಳಿಯಂದಿರೇ, ಹಾಡು ಕೇಳಲಿಕ್ಕೂ ದಾಖಲೆ ಬೇಕಾ? ಹೋದ ಸಲ ಗ್ರಹಣದ ಸಂದೇಶಕ್ಕೂ ಹೀಗೇ ಮಾಡಿದಿರಿ."

ಅಕ್ಕ: "ದೊಡ್ಡಪ್ಪ, ಅವರು ಸುಮ್ನೆ ಕೇಳಿದ್ದು ಅಷ್ಟೇ."

ಚಿಕ್ಕಪ್ಪ: "ನೀನು ಗಂಡನ ಪರ ಬರದಿದ್ದರೆ ಇನ್ಯಾರು ಬರಬೇಕು, ಬಿಡಮ್ಮ."

ಭಾವ ಪಟ್ಟು ಬಿಡುವವರಲ್ಲ. ಸ್ವಲ್ಪ ಹೊತ್ತಿಗೆ ಹುಡುಕಿ ತಂದರು. ಈ ಲೆಕ್ಕ ಜಗತ್ತಿನದಲ್ಲ, ಅಮೆರಿಕದ್ದು. ಅಲ್ಲಿ ಯಾವ ಹಾಡು ಎಷ್ಟು ಓಡಿತು ಎಂದು ಲೂಮಿನೇಟ್ ಎಂಬ ಸಂಸ್ಥೆ ಲೆಕ್ಕ ಇಡುತ್ತದೆ. ಅದರ ವರದಿಗಳಲ್ಲಿ ಹಳೆಯ ಸಂಗೀತದ ಪಾಲು ನೂರಕ್ಕೆ 70 ದಾಟಿರುವುದು ನಿಜ. ಆದರೆ ಅಲ್ಲಿ ಬಿಡುಗಡೆಯಾಗಿ 18 ತಿಂಗಳು ದಾಟಿದ್ದೆಲ್ಲ ಹಳೆಯದೇ. ಅದನ್ನು ಕೇಳಿದವರಿಗೆ ಎಷ್ಟು ವಯಸ್ಸು ಎಂಬುದು ಆ ಅಂಕಿಯಲ್ಲಿ ಇಲ್ಲ.

ಈ ಒಂದು ಸಂದೇಶವನ್ನು ನಿಧಾನವಾಗಿ ಓದಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಹೋದ ವರ್ಷ ದೊಡ್ಡಪ್ಪ "ಇದೂ ಒಂದು ಹಾಡಾ" ಎಂದು ಟಿವಿ ಆರಿಸಿದ್ದರಲ್ಲ, ಆ ಥರದ ಹಾಡೂ ಒಂದೂವರೆ ವರ್ಷ ಕಳೆದರೆ ಇದೇ 70ರೊಳಗೆ ಸೇರಿಕೊಳ್ಳುತ್ತದೆ. ಆದರೆ ಓದಿದವರು ಯಾರು? ಭಾವ ಏನು ಬರೆದರು ಎನ್ನುವುದಕ್ಕಿಂತ, ಭಾವ ಮತ್ತೆ ಬರೆದರು ಎನ್ನುವುದೇ ದೊಡ್ಡದಾಯಿತು.

ಅಷ್ಟರಲ್ಲಿ ದೊಡ್ಡಪ್ಪನ ಮಗ, ನಾವೆಲ್ಲ ಅಣ್ಣ ಎನ್ನುವವನು, ಮಾತನ್ನು ಬೇರೆಲ್ಲಿಗೋ ಎಳೆದುಕೊಂಡು ಹೋದ.

"ಆ ಕಾಲವೇ ಬೇರೆ ಬಿಡಿ. ರೇಡಿಯೊ ಮುಂದೆ ಟೇಪ್‌ರೆಕಾರ್ಡರ್ ಇಟ್ಟು, ಎರಡು ಗುಂಡಿ ಒಟ್ಟಿಗೆ ಒತ್ತಿ, ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಮಧ್ಯೆ ಅಜ್ಜಿ ಕೆಮ್ಮಿದರೆ ಕೆಮ್ಮೂ ಹಾಡಿನೊಳಗೆ. ಅತ್ತೆ, ನಿಮ್ಮ ಆ ಕ್ಯಾಸೆಟ್ ಈಗ ಎಲ್ಲಿದೆ?"

ಅತ್ತೆ: "ನಿನ್ನ ಚಿಕ್ಕಪ್ಪನನ್ನೇ ಕೇಳು. ಅದರ ಮೇಲೆ ಕ್ರಿಕೆಟ್ ಕಾಮೆಂಟರಿ ತುಂಬಿಸಿದವನು ಅವನೇ."

ಚಿಕ್ಕಪ್ಪ: "ಅಕ್ಕಾ, ಅದು ಗೊತ್ತಿಲ್ಲದೆ ಆದದ್ದು. ಖಾಲಿ ಕ್ಯಾಸೆಟ್ ಅಂದುಕೊಂಡಿದ್ದೆ."

ಅತ್ತೆ: "ಖಾಲಿ ಅಂದುಕೊಂಡೆಯಾ? ಕ್ಯಾಸೆಟ್ ಬೆನ್ನಿನ ಎರಡೂ ಪ್ಲಾಸ್ಟಿಕ್ ಹಲ್ಲನ್ನು ನಾನೇ ಮುರಿದಿದ್ದೆ. ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿದ್ದು ಯಾರು?"

ಚಿಕ್ಕವರಿಗೆ ಇದು ಗೊತ್ತಿರಲಿಕ್ಕಿಲ್ಲ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಹಲ್ಲು ಇರುತ್ತಿದ್ದವು, ಒಂದೊಂದು ಕಡೆಗೆ ಒಂದೊಂದು. ಅವನ್ನು ಮುರಿದುಬಿಟ್ಟರೆ ರೆಕಾರ್ಡ್ ಗುಂಡಿ ಕೆಳಗೆ ಹೋಗುತ್ತಿರಲಿಲ್ಲ. ಹಾಡು ಉಳಿಯುತ್ತಿತ್ತು. ಮತ್ತೆ ತುಂಬಿಸಬೇಕೆಂದರೆ ತೂತನ್ನು ಮುಚ್ಚಲೇಬೇಕು. ಕೈತಪ್ಪಿ ಆಗುವ ಕೆಲಸ ಅಲ್ಲ ಅದು. ಚಿಕ್ಕಪ್ಪ ಏನೋ ಟೈಪ್ ಮಾಡುತ್ತಿರುವುದು ಕಾಣಿಸಿತು, ನಿಂತಿತು, ಮತ್ತೆ ಕಾಣಿಸಿತು. ಸಂದೇಶ ಮಾತ್ರ ಬರಲಿಲ್ಲ.

ದೊಡ್ಡಪ್ಪ: "ನೋಡಿ, ಆಗ ಹಾಡಿಗೆ ಅಷ್ಟು ಬೆಲೆ ಇತ್ತು. ಈಗ ಎಲ್ಲಾ ಬೆರಳ ತುದಿಯಲ್ಲಿ. ಅದಕ್ಕೇ ಯಾವುದಕ್ಕೂ ಬೆಲೆ ಇಲ್ಲ."

ಆಗ ನಾನು ಬರೆದೆ. ದೊಡ್ಡಪ್ಪನ ಮಾತು ಪೂರ್ತಿ ಗಾಳಿಮಾತಲ್ಲ, ಅದನ್ನು ಹೇಳಲೇಬೇಕು ಅನ್ನಿಸಿತು. ಬ್ರಿಟನ್ನಿನ ಗಾಯಕಿ ಕೇಟ್ ಬುಷ್ ಅವರ 'ರನ್ನಿಂಗ್ ಅಪ್ ದಟ್ ಹಿಲ್' ಹಾಡು ಬಂದದ್ದು 1985ರಲ್ಲಿ. ಒಂದು ವೆಬ್ ಸರಣಿಯಲ್ಲಿ ಕೇಳಿದ ಹೊಸ ಹುಡುಗರು ಅದನ್ನು ಹಿಡಿದುಕೊಂಡರು. 2022ರಲ್ಲಿ ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. 37 ವರ್ಷದ ಮೇಲೆ! ಇನ್ನೊಂದು, 2013ರಲ್ಲಿ ಕ್ಯಾರೊಲ್ ಕ್ರಮ್‌ಹ್ಯಾನ್ಸ್ಲ್ ಮತ್ತು ಜಸ್ಟಿನ್ ಜಪ್ನಿಕ್ ಪ್ರಕಟಿಸಿದ ಅಧ್ಯಯನ. 20ರ ಆಸುಪಾಸಿನ ಅಮೆರಿಕದ ವಿದ್ಯಾರ್ಥಿಗಳಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳ ತುಣುಕು ಕೇಳಿಸಿದರು. ತಮ್ಮ ಕಾಲದ ಹಾಡುಗಳ ಜೊತೆಗೆ, ಅಪ್ಪ ಅಮ್ಮ ಹರೆಯದಲ್ಲಿದ್ದಾಗ ಬಂದ ಹಾಡುಗಳಿಗೂ ಅವರ ಮನಸ್ಸು ಜಾಸ್ತಿ ಮಿಡಿಯಿತು. 1960ರ ದಶಕದ ಹಾಡುಗಳಿಗೂ ಹಾಗೇ. ಚಿಕ್ಕವರಿದ್ದಾಗ ಮನೆಯಲ್ಲಿ ಕಿವಿಗೆ ಬಿದ್ದದ್ದು ಉಳಿದುಕೊಂಡಿರಬೇಕು ಎಂಬುದು ಆ ಇಬ್ಬರ ವಿವರಣೆ.

ದೊಡ್ಡಪ್ಪ: "ಅದನ್ನೇ ಅಲ್ವಾ ನಾನೂ ಹೇಳಿದ್ದು."

ಅಲ್ಲ. ಮಕ್ಕಳಿಗೆ ಬುದ್ಧಿ ಬಂತು ಎಂದರು ದೊಡ್ಡಪ್ಪ. ಆ ಹುಡುಗರು ಹೊಸದಕ್ಕೆ ಬೆನ್ನು ತಿರುಗಿಸಿರಲಿಲ್ಲ. ಎರಡೂ ಅವರಿಗೆ ಇಷ್ಟವಾಗಿತ್ತು. ನಾನು ಇದನ್ನು ಬರೆಯುವ ಮೊದಲೇ ದೊಡ್ಡಪ್ಪ ಮುಂದಿನ ಸಂದೇಶ ಕಳಿಸಿದ್ದರು.

"ಕೇಳುವುದಾದರೆ ಮೂಲದಲ್ಲಿ ಹೇಗಿತ್ತೋ ಹಾಗೇ ಕೇಳಲಿ. ಗಿಟಾರ್ ಹಿಡಿದು ಶಿಶುನಾಳ ಶರೀಫರನ್ನೂ ಕೆಡಿಸಿಟ್ಟಿದ್ದಾರೆ."

ಪುಟ್ಟಿ ಎರಡನೇ ಸಲ ಬರೆದಳು: "ದೊಡ್ಡಜ್ಜ, ಮೂಲ ಯಾವುದು? ಶರೀಫರು ತೀರಿಕೊಂಡದ್ದು 1889ರಲ್ಲಿ. ಗ್ರಾಮೊಫೋನ್ ಕಂಪನಿಯವರು ಭಾರತಕ್ಕೆ ಬಂದು ಹಾಡು ರೆಕಾರ್ಡ್ ಮಾಡಿದ್ದು 1902ರಲ್ಲಿ. ಶರೀಫರ ದನಿ ನಿಮಗೂ ಸಿಕ್ಕಿಲ್ಲ, ನನಗೂ ಸಿಕ್ಕಿಲ್ಲ. ನೀವು ಕೇಳಿದ್ದು ಸಿ. ಅಶ್ವತ್ಥ್ ದನಿಯಲ್ಲಿ. ನಾನು ಮೊದಲು ಕೇಳಿದ್ದು ರಘು ದೀಕ್ಷಿತ್ ದನಿಯಲ್ಲಿ. ಇದನ್ನು ಮೊದಲು ಯಾರು ಹಾಡಿದ್ದರು ಅಂತ ಹುಡುಕಿಕೊಂಡು ಹೋಗಿ ಅಶ್ವತ್ಥ್ ಅವರನ್ನು ಕೇಳಿದೆ. ನನಗೆ ಇಬ್ಬರೂ ಬೇಕು."

ಚಿಕ್ಕಪ್ಪನಿಗೆ ಮಾತು ಮರಳಿತು: "ದೊಡ್ಡವರಿಗೆ ಎದುರು ಮಾತಾಡುವುದನ್ನು ಯಾರು ಕಲಿಸಿದರು?"

ಅಕ್ಕ: "ಸೆಲ್ಲೋಟೇಪ್ ಅಂಟಿಸುವುದನ್ನಂತೂ ನಾವು ಕಲಿಸಿಲ್ಲ ಚಿಕ್ಕಪ್ಪ."

ಅಲ್ಲಿಂದ ಮುಂದೆ ಯಾರು ಯಾರಿಗೆ ಯಾವಾಗ ಏನು ಹೇಳಿದ್ದರು ಎಂಬುದೇ ಮಾತಾಯಿತು. ನನಗೆ ಬೇಜಾರಾದದ್ದು ಜಗಳಕ್ಕಲ್ಲ. ಆ ಹುಡುಗಿ ಹೊಸ ದನಿಯ ಬೆನ್ನು ಹತ್ತಿ ಹಳೆಯ ದನಿಗೆ ತಲುಪಿದ್ದಳು. ಅಲ್ಲಿಗೂ ನಿಲ್ಲದೆ ನಮ್ಮಲ್ಲಿ ಯಾರೂ ಹುಟ್ಟಿರದ ಕಾಲದ ರೆಕಾರ್ಡಿನವರೆಗೆ ಹೋಗಿದ್ದಳು. ದೊಡ್ಡಪ್ಪನ ಹಳೇ ಹಾಡುಗಳು ಅವಳ ಲೆಕ್ಕದಲ್ಲಿ ದಾರಿಯ ನಡುವಿನವು. ಮಕ್ಕಳು ಹಳೆಯದನ್ನು ಕೇಳಲಿ ಎಂದು ನಮಗೆ ಆಸೆ ಇದೆ, ಆದರೆ ನಾವು ತೋರಿಸಿದ ಬಾಗಿಲಿನಿಂದಲೇ ಒಳಗೆ ಬರಬೇಕು ಅನ್ನುತ್ತೇವೆ. ಹಾಗೆ ಮಾಡಿದರೆ ಮುಂದಿನ ಸಲ ಅವಳು ತನಗೆ ಸಿಕ್ಕಿದ್ದನ್ನು ನಮಗೆ ತೋರಿಸುವುದಿಲ್ಲ. ಕೇಳುವುದನ್ನು ಬಿಡುವುದಿಲ್ಲ, ನಮಗೆ ಹೇಳುವುದನ್ನು ಬಿಡುತ್ತಾಳೆ. ಅದು ನಮಗೇ ನಷ್ಟ.

ಮೇಲೆ ಹೋಗಿ ಅವಳ ಮೊದಲ ಸಂದೇಶ ಹುಡುಕಿ ಅದಕ್ಕೇ ಉತ್ತರ ಬರೆದೆ. ಆಗ ಇಲ್ಲಿ ರೆಕಾರ್ಡ್ ಅಚ್ಚು ಹಾಕುವ ಕಾರ್ಖಾನೆ ಇರಲಿಲ್ಲ. ಇಲ್ಲಿ ಹಾಡಿಸಿಕೊಂಡದ್ದನ್ನು ಜರ್ಮನಿಯ ಹ್ಯಾನೋವರ್‌ಗೆ ಕಳಿಸುತ್ತಿದ್ದರು. ಯಾವುದು ಯಾರ ಹಾಡು ಎಂದು ಅಲ್ಲಿಯವರಿಗೆ ತಿಳಿಯಬೇಕಲ್ಲ, ಅದಕ್ಕೇ ಕೊನೆಯಲ್ಲಿ ಹೆಸರು ಕೂಗುವುದು. ಒಂದು ಮುಖಕ್ಕೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಅಷ್ಟರಲ್ಲಿ ಹಾಡನ್ನೂ ಮುಗಿಸಿ ಹೆಸರನ್ನೂ ಹೇಳಬೇಕಿತ್ತು.

ಪುಟ್ಟಿ: "ಅಯ್ಯೋ, ಅದಕ್ಕಾ ಅಷ್ಟು ಅವಸರ! ಕೊನೆಯ ಸಾಲು ಓಡುತ್ತದೆ, ಕೇಳಿ ನೋಡಿ." ಹಿಂದೆಯೇ ಇನ್ನೊಂದು: "ಅಜ್ಜಿ, ನಿಮ್ಮ ಕ್ಯಾಸೆಟ್ಟಿನಲ್ಲಿ ಯಾವ ಯಾವ ಹಾಡು ಇದ್ದವು, ನೆನಪಿದೆಯಾ?"

ಅತ್ತೆ ಜಗಳವನ್ನು ಅರ್ಧಕ್ಕೆ ಬಿಟ್ಟು ಪಟ್ಟಿ ಬರೆಯತೊಡಗಿದರು. ಎ ಕಡೆಗೆ ಏಳು, ಬಿ ಕಡೆಗೆ ಆರು. ಎಲ್ಲಿ ಅಜ್ಜಿ ಕೆಮ್ಮಿದ್ದು ಎಂಬುದನ್ನೂ ಹಾಕಿದರು.

ಚಿಕ್ಕಪ್ಪ: "ಬಿ ಕಡೆ ಮೂರನೆಯದು ಅದಲ್ಲ ಅಕ್ಕಾ. ಅದು ನಾಲ್ಕನೆಯದು."

ಅತ್ತೆ: "ಹಾಗಾದರೆ ಪೂರ್ತಿ ಕೇಳಿಯೇ ಅಳಿಸಿದ್ದೀಯ! ಖಾಲಿ ಕ್ಯಾಸೆಟ್ ಅಂತೆ!"

ಅವರಿಬ್ಬರ ಜಗಳ ಮತ್ತೆ ಶುರುವಾಗುವಷ್ಟರಲ್ಲಿ ಪುಟ್ಟಿ ಹದಿಮೂರರಲ್ಲಿ ಹನ್ನೊಂದು ಹಾಡು ಹುಡುಕಿ, ಪ್ಲೇಲಿಸ್ಟ್ ಮಾಡಿ, ಗುಂಪಿಗೆ ಹಾಕಿದ್ದಳು. ಉಳಿದ ಎರಡರ ಪಲ್ಲವಿಯನ್ನು ಹಾಡಿ ಕಳಿಸಿ ಎಂದು ಅತ್ತೆಯನ್ನು ಕೇಳಿದ್ದಾಳೆ.