ಶ್ವಾಸಕೋಶ ‘ಉಬ್ಬುತ್ತೆ’ ಅನ್ನಬೇಕೋ ‘ಹಿಗ್ಗುತ್ತೆ’ ಅನ್ನಬೇಕೋ?

ಎಲ್ಲರಿಗೂ ನಮಸ್ಕಾರ. ಒಂದು ಕ್ರಿಯಾಪದದ ವಿಷಯಕ್ಕೆ ನಿಮ್ಮ ಸಲಹೆ ಬೇಕಿತ್ತು. ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಗೆ ಶ್ವಾಸಕೋಶದ ದೊಡ್ಡ ಚಾರ್ಟ್ ಮಾಡಿಕೊಡೋ ಕೆಲಸ ನಾವು ಪುಣೆಯವರು ನಾಲ್ಕೈದು ಜನ ಸೇರಿ ಹಿಡ್ಕೊಂಡಿದೀವಿ, ಚಿತ್ರ ಬರೆಯೋರು ಮರಾಠಿಯವರು, ಕನ್ನಡ ಬರಹ ನನ್ನ ಪಾಲಿಗೆ ಬಂದಿದೆ. ಕೈಗೆ ಬಂದ ಕರಡಿನ ಮೊದಲನೇ ವಾಕ್ಯ ಹೀಗಿದೆ: ‘ಉಸಿರು ಎಳೆದುಕೊಂಡಾಗ ಗಾಳಿ ತುಂಬಿ ಶ್ವಾಸಕೋಶಗಳು ಉಬ್ಬುತ್ತವೆ.’ ಓದೋಕೆ ಏನೂ ತೊಡಕಿಲ್ಲ, ವ್ಯಾಕರಣ ಸರಿ ಇದೆ, ಎಲ್ಲಾ ಕಡೆ ಹೀಗೇ ಬರೀತಾರೆ. ಆದ್ರೆ ಒಳಗೆ ನಡೆಯೋದು ಇದರ ಉಲ್ಟಾ. ಗಾಳಿ ತುಂಬಿದ್ದಕ್ಕೆ ಶ್ವಾಸಕೋಶ ದೊಡ್ಡದಾಗಲ್ಲ, ದೊಡ್ಡದಾಗಿದ್ದಕ್ಕೆ ಗಾಳಿ ಒಳಗೆ ಬರುತ್ತೆ.

ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಪದ ಆರಿಸೋದು ಇದರ ಮೇಲೇ ನಿಂತಿದೆ. ಎದೆಗೂ ಹೊಟ್ಟೆಗೂ ನಡುವೆ ಕಮಾನಿನ ಹಾಗೆ ಮೇಲಕ್ಕೆ ಬಾಗಿರೋ ಒಂದು ಸ್ನಾಯು ಇದೆ, ಕರ್ನಾಟಕದ ಪಠ್ಯದಲ್ಲಿ ಅದು ವಪೆ, ಮರಾಠಿಯಲ್ಲಿ ಶ್ವಾಸಪಟಲ. ಅದು ಬಿಗಿದುಕೊಂಡಾಗ ಚಪ್ಪಟೆಯಾಗಿ ಕೆಳಗಿಳಿಯುತ್ತೆ, ಜೊತೆಗೇ ಪಕ್ಕೆಲುಬುಗಳ ಮಧ್ಯದ ಸ್ನಾಯುಗಳು ಪಕ್ಕೆಲುಬನ್ನ ಮೇಲಕ್ಕೂ ಹೊರಕ್ಕೂ ಎತ್ತುತ್ತವೆ, ಎದೆಗೂಡಿನ ಒಳಗಿನ ಜಾಗ ದೊಡ್ಡದಾಗುತ್ತೆ, ಅದರ ಬೆನ್ನಿಗೇ ಶ್ವಾಸಕೋಶವೂ ಅಗಲವಾಗುತ್ತೆ, ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಒಂಚೂರು ಕಮ್ಮಿಯಾಗುತ್ತೆ, ಆಗ ಗಾಳಿ ತಾನಾಗೇ ನುಗ್ಗುತ್ತೆ. ಜಾಗ ಹೆಚ್ಚಿದರೆ ಒತ್ತಡ ಇಳಿಯುತ್ತೆ ಅನ್ನೋ, ಬಾಯ್ಲ್ 1662ರಲ್ಲಿ ಹೇಳಿದ ನಿಯಮವೇ ಇದು, ಬೇರೆ ಏನೂ ಅಲ್ಲ. ಸುಮ್ನೆ ಕೂತಿರುವಾಗ ಒಂದು ಸಲಕ್ಕೆ ಒಳಗೆ ಬರೋ ಗಾಳಿ ಅರ್ಧ ಲೀಟರ್ ಆಸುಪಾಸು. ಈ ಇಡೀ ಕೆಲಸದಲ್ಲಿ ಶ್ವಾಸಕೋಶ ತಾನಾಗಿ ಏನೂ ಎಳೆಯಲ್ಲ, ಹಾಗೆ ಎಳೆಯೋಕೆ ಅದಕ್ಕೆ ಸ್ನಾಯುಬಲವೇ ಇಲ್ಲ. ಶ್ವಾಸನಾಳಿಕೆಗಳ ಗೋಡೆಯಲ್ಲಿ ಸಣ್ಣ ಸ್ನಾಯುಗಳಿವೆ, ಆದ್ರೆ ಅವು ದಾರಿ ಕಿರಿದು ಮಾಡೋದು ಅಗಲ ಮಾಡೋದು ಅಷ್ಟೇ.

ಹಾಗಾಗಿ ‘ಉಬ್ಬು’ ನನಗೆ ಒಪ್ಪಿಗೆ ಇಲ್ಲ. ಕನ್ನಡದಲ್ಲಿ ಉಬ್ಬು ಅಂದ ತಕ್ಷಣ ಒಳಗಿಂದ ಏನೋ ತುಂಬಿ ಮೇಲಕ್ಕೆದ್ದ ಹಾಗೆ ಕೇಳುತ್ತೆ. ಪೂರಿ ಉಬ್ಬುತ್ತೆ, ಹೊಟ್ಟೆ ಉಬ್ಬರಿಸುತ್ತೆ, ಎಲ್ಲಾ ಒಳಗಿನ ಒತ್ತಡದಿಂದ. ‘ಹಿಗ್ಗು’ ಪರವಾಗಿಲ್ಲ, ಯಾವ ಕಾರಣಕ್ಕೆ ದೊಡ್ಡದಾಯ್ತು ಅಂತ ಅದು ಹೇಳಲ್ಲ.

ಆದ್ರೆ ಹಿಗ್ಗು ಬಂದ ಕೂಡಲೇ ಅದರ ಹಿಂದೆ ಕುಗ್ಗು ಬರುತ್ತೆ, ಜೋಡಿ ಪದ ನೋಡಿ, ಪ್ರಾಸಕ್ಕೆ ಚೆನ್ನಾಗಿದೆ, ‘ಶ್ವಾಸಕೋಶ ಹಿಗ್ಗುತ್ತದೆ ಕುಗ್ಗುತ್ತದೆ’ ಅಂತ ಬರೆದರೆ ಮಕ್ಕಳಿಗೂ ನೆನಪಿರುತ್ತೆ. ನನ್ನ ಅಸಲಿ ಪ್ರಶ್ನೆ ಇಲ್ಲಿದೆ. ಈ ಎರಡು ಕೆಲಸ ಒಂದೇ ಥರದ್ದಲ್ಲ. ಕುಗ್ಗೋದು ಶ್ವಾಸಕೋಶದ ಸ್ವಂತ ಸ್ವಭಾವ. ಅದರ ತುಂಬಾ ಹಿಗ್ಗಿಸಿದರೆ ವಾಪಸ್ ಬರೋ ಎಳೆಗಳಿವೆ, ಗಾಳಿಗೂಡುಗಳ (ಶ್ವಾಸಕೋಶದೊಳಗಿನ ಪುಟ್ಟ ಪುಟ್ಟ ಗಾಳಿಚೀಲಗಳ) ಒಳಗೋಡೆಯ ತೇವ ಕೂಡ ಒಳಮುಖವಾಗಿ ಎಳೀತಾ ಇರುತ್ತೆ, ಬಿಟ್ಟರೆ ಸಾಕು ಅದು ಚಿಕ್ಕದಾಗೋಕೆ ಕಾಯ್ತಿರುತ್ತೆ. ಅದನ್ನ ಹಿಡಿದಿಟ್ಟಿರೋದು ಶ್ವಾಸಕೋಶದ ಸುತ್ತ ಇರೋ ಎರಡು ಪದರದ ಪೊರೆ, ಆ ಪದರಗಳ ನಡುವಿನ ತೆಳ್ಳನೆ ದ್ರವ, ಅಲ್ಲಿನ ಕಮ್ಮಿ ಒತ್ತಡ. ಅಪಘಾತದಲ್ಲಿ ಎದೆಗೆ ತೂತು ಬಿದ್ದು ಆ ಪೊರೆಗಳ ನಡುವೆ ಗಾಳಿ ಹೊಕ್ಕಿತು ಅಂದ್ರೆ ಆ ಕಡೆಯ ಶ್ವಾಸಕೋಶ ಕುಸಿದು ಮುದ್ದೆಯಾಗುತ್ತೆ, ಎದೆಗೋಡೆ ಮಾತ್ರ ಸ್ವಲ್ಪ ಹೊರಕ್ಕೆ ಚಿಮ್ಮುತ್ತೆ. ಅಂದ್ರೆ ಆರಾಮಾಗಿ ಉಸಿರಾಡುವಾಗ ಶ್ವಾಸಕೋಶ ಒಳಕ್ಕೆ, ಎದೆಗೋಡೆ ಹೊರಕ್ಕೆ ಎಳೀತಿರುತ್ತೆ.

ಅದಕ್ಕೇ ನನ್ನ ಪ್ರಕಾರ ‘ಎದೆಗೂಡು ಶ್ವಾಸಕೋಶವನ್ನು ಹಿಗ್ಗಿಸುತ್ತದೆ, ಬಿಟ್ಟಾಗ ಶ್ವಾಸಕೋಶ ತಾನೇ ಕುಗ್ಗುತ್ತದೆ’ ಅನ್ನೋದು ಸರಿ. ಒಂದಕ್ಕೆ ‘ಇಸು’ ಬೇಕು, ಇನ್ನೊಂದಕ್ಕೆ ಬೇಡ. ಹಿಗ್ಗಿಸು-ಕುಗ್ಗಿಸು ಅಂತ ಜೋಡಿ ಮಾಡಿದರೂ ತಪ್ಪು, ಹಿಗ್ಗು-ಕುಗ್ಗು ಅಂತ ಜೋಡಿ ಮಾಡಿದರೂ ಅರ್ಧ ತಪ್ಪು. ಕೇಳೋಕೆ ಕಾಲು ಕುಂಟಿದ ಹಾಗಿದೆ ಅಂತ ನಮ್ಮಲ್ಲೇ ಒಬ್ಬರು ಅಂದರು. ನಿಮಗೂ ಹಾಗೇ ಅನ್ಸುತ್ತಾ?

ಆಡುಮಾತಿಗೆ ಬಂದರೆ ನಾವು ಎಷ್ಟು ಸರಿಯಾಗಿ ಮಾತಾಡ್ತೀವಿ ಅಂತ ಖುಷಿಯಾಗುತ್ತೆ. ಉಸಿರು ‘ತಗೋ’, ಉಸಿರು ‘ಬಿಡು’. ಮರಾಠಿಯಲ್ಲೂ ಶ್ವಾಸ ಘೇಣೆ, ಶ್ವಾಸ ಸೋಡಣೆ. ತಗೊಳ್ಳೋದಕ್ಕೆ ಶ್ರಮ ಬೇಕು, ಬಿಡೋದಕ್ಕೆ ಕೈ ಸಡಿಲಿಸಿದರೆ ಸಾಕು, ಆರಾಮಾಗಿ ಕೂತಾಗ ನಡೆಯೋದು ಅಷ್ಟೇ, ವಪೆ ಸಡಿಲವಾಗುತ್ತೆ, ಗಾಳಿ ಹೊರಗೆ ಹೋಗುತ್ತೆ. ಪುಸ್ತಕದಲ್ಲಿ ಮಾತ್ರ ‘ಗಾಳಿಯನ್ನು ಹೊರಹಾಕುತ್ತದೆ’ ಅಂತ ಬರುತ್ತೆ. ಹೊರಹಾಕೋದು ಕೆಮ್ಮುವಾಗ, ಓಡುವಾಗ, ಶಂಖ ಊದುವಾಗ. ಆಗ ಹೊಟ್ಟೆಯ ಸ್ನಾಯುಗಳು ಸೇರಿಕೊಂಡು ನಿಜಕ್ಕೂ ನೂಕುತ್ತವೆ. ಚಾರ್ಟಿನಲ್ಲಿ ‘ಬಿಡು’ ಹಾಕಿದರೆ ಬಾಲಿಶ ಅನ್ಸುತ್ತೆ ಅನ್ನೋರಿಗೆ ನನ್ನ ಉತ್ತರ ಇಷ್ಟೇ, ಇದಕ್ಕಿಂತ ನಿಖರವಾದ ಪದ ನನಗೆ ಸಿಕ್ಕಿಲ್ಲ.

ಇನ್ನೊಂದು ಪದ ‘ಸಂಕುಚಿಸು’. ‘ವಪೆ ಸಂಕುಚಿಸಿದಾಗ ಎದೆಗೂಡು ಹಿಗ್ಗುತ್ತದೆ’ ಅಂತ ಓದಿದ ಆರನೇ ಕ್ಲಾಸಿನ ಹುಡುಗಿ ‘ಅದು ಸಣ್ಣದಾದ್ರೆ ಇದು ಹೆಂಗ ದೊಡ್ಡದಾಗ್ತದರೀ’ ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆ. ಸ್ನಾಯುವಿನ ಮಾತು ಬಂದಾಗ ‘ಬಿಗಿ’ ಅನ್ನೋದೇ ವಾಸಿ, ‘ವಪೆ ಬಿಗಿದು ಚಪ್ಪಟೆಯಾಗಿ ಕೆಳಗಿಳಿಯುತ್ತದೆ’ ಅಂದರೆ ಕಣ್ಣಿಗೆ ಕಟ್ಟುತ್ತೆ. ಅವಳಿಗೆ ಬಾಟಲಿ ತೋರಿಸಿದ್ವಿ, ಎಲ್ಲಾ ಶಾಲೆಯಲ್ಲೂ ಮಾಡ್ತಾರಲ್ಲ ಅದೇ, ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ಅಲ್ಲಿ ರಬ್ಬರ್ ಹಾಳೆ ಬಿಗಿದು, ಬಾಯಿಂದ ಒಂದು ಬಲೂನು ಒಳಗೆ ಇಳಿಬಿಡೋದು. ರಬ್ಬರ್ ಕೆಳಗೆ ಎಳೆದಳು, ಬಲೂನು ಮೆಲ್ಲಗೆ ಅರಳಿತು, ಯಾರೂ ಊದಿಲ್ಲ. ಎರಡು ಮೂರು ಸಲ ಎಳೆದು ಬಿಟ್ಟು ನೋಡಿ, ಬಾಟಲಿಗೆ ಪಕ್ಕದಲ್ಲಿ ಸೂಜಿಯಿಂದ ತೂತು ಮಾಡಿದರೆ ಏನಾಗ್ತದ ಅಂತ ಅವಳೇ ಮಾಡಿ ನೋಡಿದಳು, ಬಲೂನು ಅಲ್ಲಾಡಲಿಲ್ಲ.

ವಪೆ ಅನ್ನೋ ಪದದ ಬಗ್ಗೆಯೂ ಕೇಳೋದಿದೆ. ಸಂಸ್ಕೃತದ ‘ವಪಾ’ ಹೊಟ್ಟೆಯೊಳಗಿನ ಕೊಬ್ಬಿನ ಪೊರೆ, ಯಜ್ಞದ ಪಶುವಿನ ವಪೆಯ ಮಾತು ಬರುತ್ತಲ್ಲ ಅದು. ಈಗ ಕನ್ನಡದಲ್ಲಿ ಬೇರೆ ಅರ್ಥಕ್ಕೆ ಗಟ್ಟಿಯಾಗಿ ನಿಂತಿದೆ, ಅದನ್ನ ಅಲ್ಲಾಡಿಸೋದು ಬೇಡ. ಆದ್ರೆ ಮಹಾರಾಷ್ಟ್ರದ ಕನ್ನಡ ಶಾಲೆಗಳ ಸ್ಥಿತಿಯೇ ಬೇರೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಇರೋದು ಇಲ್ಲೇ ಪುಣೆಯಲ್ಲಿ, ಮುಂಬಯಿ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡ ಮಾಧ್ಯಮದ ಮಕ್ಕಳಿಗೆ ಪುಸ್ತಕ ಅಲ್ಲಿಂದ ಹೋಗುತ್ತೆ, ಸುತ್ತಲೂ ಮರಾಠಿ, ಡಾಕ್ಟರು ಮಾತಾಡೋದು ‘ಫುಫ್ಫುಸ’ ಅಂತ. ನಮ್ಮಲ್ಲೂ ಪುಪ್ಪುಸ ಅನ್ನೋ ಪದ ಇದೆ, ಹಳಬರು ಬಳಸ್ತಿದ್ದರು. ಶ್ವಾಸಕೋಶದ ಪಕ್ಕ ಪುಪ್ಪುಸ, ವಪೆಯ ಪಕ್ಕ ಶ್ವಾಸಪಟಲ ಅಂತ ಎರಡೂ ಕೊಡೋಣ ಅನ್ನೋದು ನನ್ನ ಮನಸ್ಸು.

ತೆಲುಗಿನವರ ಪದ ನೋಡಿದಾಗಲಂತೂ ಹೊಟ್ಟೆಕಿಚ್ಚಾಯ್ತು. ಅವರದು ‘ಊಪಿರಿತಿತ್ತುಲು’, ಉಸಿರಿನ ತಿತ್ತಿಗಳು. ತಿತ್ತಿ ಅಂದ್ರೆ ತೊಗಲಿನ ಚೀಲ, ಕಮ್ಮಾರನ ಕುಲುಮೆಯ ತಿತ್ತಿಯೂ ಅದೇ, ನಮ್ಮ ತಿದಿ. ತಮಿಳಿನ ‘ನುರೈಯೀರಲ್’ನಲ್ಲಿ ನೊರೆ ಇದೆ, ಅದು ಅಂಗ ಹೇಗಿದೆ ಅಂತ ಹೇಳುತ್ತೆ. ತೆಲುಗಿನದು ಹೇಗೆ ಕೆಲಸ ಮಾಡುತ್ತೆ ಅಂತ ಹೇಳುತ್ತೆ. ತಿದಿಯನ್ನ ಅಗಲಿಸಿದಾಗ ಗಾಳಿ ಒಳಗೆ ಬರುತ್ತೆ, ಗಾಳಿ ಬಂದು ತಿದಿಯನ್ನ ಅಗಲಿಸಲ್ಲ. ಇಂಗ್ಲೆಂಡಿನ ಜಾನ್ ಮೇಯೊ 17ನೇ ಶತಮಾನದಲ್ಲಿ ಉಸಿರಾಟ ವಿವರಿಸೋಕೆ ತಿದಿಯೊಳಗೆ ಒಂದು ಮೂತ್ರಕೋಶದ ಚೀಲ ಇಟ್ಟ ಮಾದರಿಯನ್ನೇ ಹೇಳಿದ್ದ. ನಮ್ಮ ಬಾಟಲಿ-ಬಲೂನಿನ ಅಜ್ಜ ಅದು. ಆದ್ರೆ ತಿದಿ ಈಗಿನ ಮಕ್ಕಳಿಗೆ ಗೊತ್ತಾ? ಮರಾಠಿಯಲ್ಲಿ ಅದಕ್ಕೆ ಭಾತಾ ಅಂತಾರೆ, ಪುಣೆಯ ರಸ್ತೆ ಬದಿಯಲ್ಲಿ ಕುಡುಗೋಲು ಕೊಡಲಿ ಬಡಿಯೋ ಘಿಸಾಡಿಗಳ ಹತ್ರ ನಾನು ನೋಡಿದ್ದು ಕೈಯಿಂದ ತಿರುಗಿಸೋ ಫ್ಯಾನು, ಅದು ಗಾಳಿಯನ್ನ ಒಂದೇ ಸಮ ನೂಕುತ್ತೆ ಅಷ್ಟೇ. ಸೊಲ್ಲಾಪುರ, ಜತ್ತದ ಕಡೆಯವರು ಹೇಳಿ, ನಿಮ್ಮೂರಲ್ಲಿ ತಿದಿ ಇನ್ನೂ ಮಾತಿನಲ್ಲಿದೆಯಾ?

ಹಾಗಂತ ‘ಉಬ್ಬು’, ‘ಊದು’ ಎರಡನ್ನೂ ಶ್ವಾಸಕೋಶದ ಹತ್ರ ಸುಳಿಯೋಕೇ ಬಿಡಬಾರದು ಅಂತಲ್ಲ. ವೆಂಟಿಲೇಟರ್ ಹಾಕಿದಾಗ ಸರಿಯಾಗಿ ಅದೇ ನಡೆಯುತ್ತೆ, ಯಂತ್ರ ಗಾಳಿ ಊದುತ್ತೆ, ಶ್ವಾಸಕೋಶ ಉಬ್ಬುತ್ತೆ. 1928ರಲ್ಲಿ ಬಾಸ್ಟನ್ನಿನಲ್ಲಿ ಬಳಕೆಗೆ ಬಂದ ‘ಕಬ್ಬಿಣದ ಶ್ವಾಸಕೋಶ’ ಹಾಗಲ್ಲ, ತಲೆ ಮಾತ್ರ ಹೊರಗೆ, ಮೈಯೆಲ್ಲಾ ಡಬ್ಬಿಯೊಳಗೆ, ಡಬ್ಬಿಯ ಒತ್ತಡ ಇಳಿಸಿ ಎದೆಯನ್ನ ಹೊರಗಿಂದ ಹಿಗ್ಗಿಸೋದು. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿದಾಗ ಆ ಡಬ್ಬಿಗಳು ಸಾಲಲಿಲ್ಲ, ಬಿಯೋರ್ನ್ ಇಬ್ಸೆನ್ ಅನ್ನೋ ಡಾಕ್ಟರ ಸಲಹೆಯಂತೆ ರೋಗಿಗಳ ಗಂಟಲಿಗೆ ಕೊಳವೆ ಹಾಕಿ ಮೆಡಿಕಲ್ ವಿದ್ಯಾರ್ಥಿಗಳು ಪಾಳಿ ಮೇಲೆ ಕೂತು ಕೈಯಿಂದ ಚೀಲ ಹಿಚುಕಿ ಗಾಳಿ ಊದಿದರು. ಕ್ರಿಯಾಪದ ಬದಲಾಯ್ತು ಅಂದ್ರೆ ಚಿಕಿತ್ಸೆಯೇ ಬದಲಾಯ್ತು ನೋಡಿ.

ಚಾರ್ಟಿನ ಕೆಳಗೆ ದೊಡ್ಡವರಿಗೆ ಅಂತ ಎರಡು ಸಾಲು ಬೇಕಂತೆ, ಯಾವಾಗ ಡಾಕ್ಟರ ಹತ್ರ ಹೋಗಬೇಕು ಅನ್ನೋದಕ್ಕೆ. ‘ಉಸಿರಾಟದ ತೊಂದರೆ’ ಅಂತ ಹಾಕಿದರೆ ನಮ್ಮ ಅವ್ವನಂಥೋರು ಅದು ತಮಗಲ್ಲ ಅಂತ ಮುಂದೆ ಹೋಗ್ತಾರೆ. ವಿಜಯಪುರದ ಕಡೆ ಮಾತು ‘ದಮ್ಮ ಹತ್ತತದ’. ದಾದರ್ ಸ್ಟೇಷನ್ನಿನ ಬ್ರಿಜ್ ಹತ್ತಿ ಕಂಬಿ ಹಿಡಿದು ನಿಂತವರು ಹೇಳೋದೂ ಅದೇ, ಮರಾಠಿಯ ‘ದಮ್ ಲಾಗತೋ’ ಅದರ ಜೋಡಿ. ದಮ್ ಪಾರಸಿಯಲ್ಲಿ ಉಸಿರು (ದಮ್ ಬಿರಿಯಾನಿಯ ದಮ್ ಕೂಡ ಅದೇ). ಇನ್ನು ತೇಕು, ಏದುಸಿರು, ಉಬ್ಬಸ. ಇವು ಮೂರೂ ಒಂದೇ ಅಲ್ಲ ಅಂತ ನನ್ನ ಕಿವಿ ಹೇಳುತ್ತೆ. ತೇಕು, ಏದುಸಿರು ಓಡಿದ ಮೇಲೆ ಎಲ್ಲರಿಗೂ ಬರುತ್ತೆ, ಉಬ್ಬಸ ಕಾಯಿಲೆ. ಉಬ್ಬಸಕ್ಕೂ ಉಬ್ಬುಗೂ ನಂಟಿದೆಯಾ, ನಿಘಂಟು ಬಲ್ಲವರು ಹೇಳಿ. ಇದ್ದರೆ ಅದ್ಭುತ, ಯಾಕಂದ್ರೆ ಆಸ್ತಮಾದಲ್ಲಿ ಕಷ್ಟ ಜಾಸ್ತಿ ಉಸಿರು ಬಿಡೋದರಲ್ಲಿ. ನಾಳಿಕೆಗಳು ಕಿರಿದಾಗಿ ಗಾಳಿ ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ, ಶ್ವಾಸಕೋಶ ಕುಗ್ಗಬೇಕಾದಷ್ಟು ಕುಗ್ಗಲ್ಲ, ಸುಂಯ್ ಅನ್ನೋ ಸದ್ದು ಹೊರಗೆ ಬಿಡುವಾಗಲೇ ಹೆಚ್ಚು ಕೇಳೋದು. ಅಲ್ಲಿ ‘ಉಬ್ಬು’ ನಿಜ.

ಕೊನೆಗೆ ಉಸಿರಾಟ-ಶ್ವಸನ. ಎದೆ ಏರಿಳಿಯೋದಕ್ಕೆ ಉಸಿರಾಟ, ಜೀವಕೋಶದೊಳಗೆ ಆಕ್ಸಿಜನ್ ಬಳಸಿ ಶಕ್ತಿ ಪಡೆಯೋದಕ್ಕೆ ಶ್ವಸನ ಅಂತ ಬೇರೆ ಇಡೋದು ಒಳ್ಳೇದು, ‘ಆಟ’ದಲ್ಲೇ ಚಲನೆ ಇದೆ. 1667ರಲ್ಲಿ ಲಂಡನ್ನಿನಲ್ಲಿ ರಾಬರ್ಟ್ ಹುಕ್ ನಾಯಿಯೊಂದರ ಶ್ವಾಸಕೋಶಕ್ಕೆ ತಿದಿಯಿಂದ ಎಡೆಬಿಡದೆ ಗಾಳಿ ಹಾಯಿಸಿದ, ಶ್ವಾಸಕೋಶ ಅಲ್ಲಾಡದೆ ಇದ್ದರೂ ನಾಯಿ ಬದುಕಿತ್ತು. ಆಟ ನಿಂತರೂ ಹೊಸ ಗಾಳಿ ಸಿಕ್ಕರೆ ಸಾಕಾಯ್ತು. ಕ್ರೂರ ಪ್ರಯೋಗ, ಆದ್ರೆ ಶ್ವಾಸಕೋಶದ ಆಟವೇ ಬೇರೆ, ಮೈಗೆ ಬೇಕಾದ ಹೊಸ ಗಾಳಿಯೇ ಬೇರೆ ಅಂತ ತೋರಿಸಿದ್ದು ಅದೇ.

ಈಗ ನಾನು ಇಟ್ಟಿರೋ ವಾಕ್ಯ: ‘ವಪೆ ಬಿಗಿದು ಕೆಳಗಿಳಿದಾಗ, ಪಕ್ಕೆಲುಬು ಮೇಲೆದ್ದಾಗ ಎದೆಗೂಡು ಶ್ವಾಸಕೋಶವನ್ನು ಹಿಗ್ಗಿಸುತ್ತದೆ, ಗಾಳಿ ಒಳಗೆ ಬರುತ್ತದೆ. ಸ್ನಾಯು ಸಡಿಲಾದಾಗ ಶ್ವಾಸಕೋಶ ತಾನೇ ಕುಗ್ಗುತ್ತದೆ, ಗಾಳಿ ಹೊರಗೆ ಹೋಗುತ್ತದೆ.’ ಇದನ್ನ ಇನ್ನೂ ಚಿಕ್ಕದು ಮಾಡೋಕಾದ್ರೆ ಮಾಡಿಕೊಡಿ, ಆದ್ರೆ ‘ಹಿಗ್ಗಿಸು’ ಮತ್ತೆ ‘ತಾನೇ ಕುಗ್ಗು’ ಎರಡನ್ನೂ ಕೈಬಿಡಬೇಡಿ. ಕರಾವಳಿ ಕಡೆಯವರು ದಮ್ಮಿಗೆ ನಿಮ್ಮ ಮನೆಯಲ್ಲಿ ಏನಂತಾರೆ ಅಂತಲೂ ಬರೀರಿ, ಆ ಶಾಲೆಯಲ್ಲಿ ಅರ್ಧಕ್ಕರ್ಧ ಮಕ್ಕಳು ಕುಂದಾಪುರ, ಉಡುಪಿ ಮೂಲದವರೇ ಇದಾರೆ.